ತಂಗಿ ಮದುವೆಗೆ ಕೈಯಲ್ಲೇ ಹೊಲಿದ ಅತಿಥಿ ಪುಸ್ತಕ: ನಮ್ಮ ಮಳೆಗೆ ತಡ್ಕೊಂಡು ಉಳಿಯೋ ಹಂಗೆ ಮಾಡಿಸೋದು ಹೆಂಗೆ?

ಹೊಸನಗರದ ಅಣ್ಣ:
ಎಲ್ರಿಗೂ ನಮಸ್ಕಾರ. ತಂಗಿ ಮದುವೆ ಏಪ್ರಿಲಲ್ಲಿ, ಛತ್ರ ಬೇಡ ಮನೆ ಅಂಗಳದಲ್ಲೇ ಚಪ್ಪರ ಹಾಕಿ ಮಾಡೋದು ಅಂತ ಆಗಿದೆ. ಬಂದೋರು ಎರಡು ಸಾಲು ಬರೆದು ಹೋಗೋಕೆ ಒಂದು ಪುಸ್ತಕ ಇಡ್ಬೇಕು ಅಂತ ಅವಳ ಆಸೆ. ಆನ್‌ಲೈನಲ್ಲಿ ಸಿಗೋದನ್ನ ನೋಡಿದ್ವಿ, ಹೊರಗಡೆ ಮಿಂಚೋದು ಜಾಸ್ತಿ, ಒಳಗೆ ಹಾಳೆ ಬರೀ ಗಮ್ ಹಾಕಿ ಅಂಟಿಸಿರ್ತಾರೆ, ಒಂದು ಮಳೆಗಾಲ ಕಳೆಯೋದ್ರೊಳಗೆ ನಮ್ಮ ಕಡೆ ಅದು ಏನಾಗತ್ತೆ ಅಂತ ನಿಮಗೆ ಹೇಳ್ಬೇಕಿಲ್ಲ. ಹಂಗಾಗಿ ಇಲ್ಲೇ ಕೈಯಲ್ಲಿ ಮಾಡ್ಸೋಣ ಅಂತ. ನಂಗೆ ಬೇಕಿರೋದು ಇಷ್ಟೆ, ಅವಳ ಮಕ್ಕಳು ಮದುವೆ ವಯಸ್ಸಿಗೆ ಬಂದಾಗ್ಲೂ ಅದನ್ನ ತೆಗೆದು ಓದೋ ಹಂಗಿರ್ಬೇಕು. ಯಾವ ಪೇಪರ್, ಯಾವ ಹೊಲಿಗೆ, ರಟ್ಟಿಗೆ ಏನು ಹೊದಿಸೋದು, ಯಾವ ಪೆನ್ನು? ಅಡಿಕೆ ಹಾಳೆಲಿ ಕವರ್ ಮಾಡಿದ್ರೆ ನಮ್ಮೂರಿಂದು ಅನ್ನೋ ಹಂಗಿರತ್ತೆ ಅಂತ ಅಪ್ಪ ಹೇಳ್ತಿದಾರೆ, ಅದು ಆಗೋ ಮಾತಾ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಶಿವಮೊಗ್ಗ ಬೈಂಡರ್:
ನಾನು ಶಿವಮೊಗ್ಗದಲ್ಲಿ ಬೈಂಡಿಂಗ್ ಕೆಲಸ ಮಾಡೋನು, ಅಪ್ಪನ ಕಾಲದಿಂದ ಇದೇ ಕಸುಬು, ಹಂಗಾಗಿ ಸ್ವಲ್ಪ ಉದ್ದ ಆಗತ್ತೆ ಸೈರಿಸ್ಕೊಳಿ.

ಮೊದಲು ಹೊಲಿಗೆ. ನೀವು ಹೇಳಿದ ಗಮ್ ಬೈಂಡಿಂಗಲ್ಲಿ ಒಂದೊಂದು ಹಾಳೆನೂ ಬಿಡಿ ಇರತ್ತೆ, ಬೆನ್ನಿಗೆ ಅಂಟು ಒಂದೇ ಆಸರೆ. ಆ ಅಂಟು ಗಟ್ಟಿಯಾಗಿ ಬಿರುಕು ಬಿಟ್ಟಿತು ಅಂದ್ರೆ ಹಾಳೆ ಒಂದೊಂದೇ ಕೈಗೆ ಬರ್ತದೆ. ನೀವು ಕೇಳ್ಬೇಕಾಗಿರೋದು ಫಾರಂ ಹೊಲಿಗೆ. ನಾಲ್ಕು ಹಾಳೆ ಒಂದರೊಳಗೊಂದು ಮಡಚಿ ಇಟ್ರೆ ಒಂದು ಫಾರಂ, ಅದರ ನಡು ಮಡಿಕೇಲಿ ತೂತು ಹಾಕಿ ದಾರ ಹಾಯಿಸ್ತೀವಿ, ಅದೇ ದಾರ ತಗೊಂಡು ಹೋಗಿ ಮುಂದಿನ ಫಾರಂಗೆ ಕೊಂಡಿ ಹಾಕ್ತೀವಿ, ಹಿಂಗೆ ಕೊನೆವರೆಗೂ ಒಂದೇ ದಾರ. ಇದರ ದೊಡ್ಡ ಲಾಭ ಏನಂದ್ರೆ ಯಾವ ಪುಟ ತೆಗೆದ್ರೂ ಪುಸ್ತಕ ಮೇಜಿನ ಮೇಲೆ ಚಪ್ಪಟೆ ಮಲಗತ್ತೆ. ಅತಿಥಿ ಪುಸ್ತಕಕ್ಕೆ ಅದು ಬಹಳ ಮುಖ್ಯ ಕಣ್ರಿ, ಮದುವೆ ಮನೇಲಿ ಒಂದು ಕೈಲಿ ಮಗು ಎತ್ಕೊಂಡು ನಿಂತಲ್ಲೇ ಬರೆಯೋರು ಇರ್ತಾರೆ, ಪುಸ್ತಕ ತಾನಾಗೇ ಮುಚ್ಕೊಳ್ತಾ ಇದ್ರೆ ಅವರು ಹೆಸರು ಗೀಚಿ ಹೋಗ್ತಾರೆ ಅಷ್ಟೆ.

ದಬ್ಬಳದಲ್ಲಿ ಅಂಚಿಗೆ ಚುಚ್ಚಿ ಹೊಲಿಯೋ ಪದ್ಧತಿನೂ ಇದೆ, ಲೆಕ್ಕದ ಪುಸ್ತಕಕ್ಕೆಲ್ಲ ಅದನ್ನೇ ಮಾಡ್ತೀವಿ, ಗಟ್ಟಿ ಏನೋ ಹೌದು, ಆದ್ರೆ ಪೂರ್ತಿ ತೆರ್ಕೊಳಲ್ಲ. ದಾರ ಹತ್ತಿದು ಅಥವಾ ಲಿನನ್, ಜೇನುಮೇಣ ಉಜ್ಜಿದ್ದು. ಪಿನ್ನು, ಸ್ಟೇಪ್ಲರ್, ಕಬ್ಬಿಣದ ರಿಂಗು ಯಾವುದೂ ಒಳಗೆ ಬೇಡ. ನಮ್ಮ ಕಡೆ ತುಕ್ಕು ಹಿಡಿಯೋಕೆ ಎರಡು ಮಳೆಗಾಲ ಸಾಕು, ಆ ತುಕ್ಕು ಹಾಳೆಗೆ ಇಳಿದು ಅಲ್ಲಿ ತೂತು ಬೀಳತ್ತೆ.

ಅಡಿಕೆ ಹಾಳೆ ವಿಚಾರ, ನಿಮ್ಮ ತಂದೆಯವರ ಆಸೆ ಒಳ್ಳೇದೆ, ಆದ್ರೆ ಕವರಿಗೆ ಬೇಡ ಅಂತೀನಿ. ಹಾಳೆ ಒದ್ದೆ ಹವಾ ಕುಡಿದ್ರೆ ಸೊಟ್ಟ ಆಗತ್ತೆ, ಬಿಸಿಲು ಬಂದ್ರೆ ಇನ್ನೊಂದು ಕಡೆಗೆ ಸೊಟ್ಟ, ಬೆನ್ನ ಹತ್ರ ಮಡಚಿದಲ್ಲಿ ಸೀಳತ್ತೆ, ಬೂಷ್ಟು ಹಿಡಿಯೋದ್ರಲ್ಲಂತೂ ಅದೇ ಮೊದಲು. ತೊಗಲಿನ ಕವರೂ ಅಷ್ಟೇ, ಆಷಾಢದಲ್ಲಿ ನಿಮ್ಮನೆ ಚಪ್ಪಲಿ ಬೆಲ್ಟು ನೋಡಿದ್ರೆ ಗೊತ್ತಾಗತ್ತೆ. ರೆಕ್ಸಿನ್ ಕೆಲವು ವರ್ಷಕ್ಕೆ ಪೊರೆ ಬಿಟ್ಟು ಅಂಟಂಟು ಆಗತ್ತೆ. ರಟ್ಟಿನ ಮೇಲೆ ಹತ್ತಿ ಬಟ್ಟೆ, ಇದೇ ಬಾಳಿಕೆ. ಕೈಮಗ್ಗದ ಬಟ್ಟೆ ಆದ್ರೆ ಹಿಂದೆ ತೆಳು ಕಾಗದ ಹಚ್ಚಿ ಒಣಗಿಸಿ ಆಮೇಲೆ ರಟ್ಟಿಗೆ ಹಾಕ್ಬೇಕು, ಇಲ್ಲಾಂದ್ರೆ ಅಂಟು ಎಳೆ ಸಂದಿಂದ ಮೇಲೆ ಬಂದು ಕಲೆ ಆಗತ್ತೆ.

ಅಂಟಿನ ಬಗ್ಗೆ ಒಂದು ಮಾತು. ನಮ್ಮ ಹಳಬರು ಮೈದಾ ಅಂಟು ಕಾಯಿಸುವಾಗ ಚಿಟಿಕೆ ಮೈಲುತುತ್ತ, ಅಂದ್ರೆ ತಾಮ್ರದ ನೀಲಿ ಉಪ್ಪು, ಹಾಕ್ತಿದ್ರು, ಹುಳ ಮತ್ತೆ ಬೂಷ್ಟು ಬರ್ದಿರ್ಲಿ ಅಂತ. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡಿಯೋಕೆ ನೂರು ಲೀಟರ್ ನೀರಿಗೆ ಒಂದು ಕೆಜಿ ಕರಗಿಸ್ತೀರಲ್ಲ, ಅದೇ ಮೈಲುತುತ್ತ. ಆದ್ರೆ ತಾಮ್ರದ ಅಂಶ ಕಾಗದಕ್ಕೆ ನಿಧಾನ ವಿಷ, ನಾರನ್ನ ಪುಡಿ ಮಾಡತ್ತೆ, ಅದಕ್ಕೇ ಹಳೇ ದಾಖಲೆ ಸರಿ ಮಾಡೋರು ಈಗ ಅದನ್ನ ಮುಟ್ಟಲ್ಲ. ಬರೆಯೋ ಹಾಳೆ ಹತ್ರ ನಾನೂ ತರಲ್ಲ, ರಟ್ಟಿಗೂ ಈಗ ಬಿಳಿ ಫೆವಿಕಾಲೇ. ಬರೀ ಮೈದಾ ಹಾಕಿದ್ರೆ ಬೆಳ್ಳಿ ಹುಳಕ್ಕೆ ನಾವೇ ಊಟ ಬಡಿಸಿದ ಹಂಗೆ.

ಭದ್ರಾವತಿ ರಿಟೈರ್ಡ್:
ಬೈಂಡರ್ ಅವರು ಹೊಲಿಗೆ ಹೇಳಿದ್ರು, ನಾನು ಪೇಪರ್ ಹೇಳ್ತೀನಿ. ಕಾಗದದ ಕಾರ್ಖಾನೆಲಿ ಕೆಲಸ ಮಾಡಿ ರಿಟೈರ್ ಆದೋನು. ನಮ್ಮೂರಲ್ಲಿ 1936ರಲ್ಲಿ ಶುರುವಾದ ಮೈಸೂರು ಪೇಪರ್ ಮಿಲ್ಸ್ ಇತ್ತಲ್ಲ, ಅಲ್ಲಿ ನ್ಯೂಸ್‌ಪ್ರಿಂಟೂ ಮಾಡ್ತಿದ್ರು. ಯಾವ ಊರಿನ ನ್ಯೂಸ್‌ಪ್ರಿಂಟೇ ಆಗ್ಲಿ ಬಿಸಿಲಿಗಿಟ್ರೆ ಬೇಗ ಹಳದಿ ಆಗತ್ತೆ, ಯಾಕಂದ್ರೆ ಮರವನ್ನ ಅರೆದು ಮಾಡಿದ ಪಲ್ಪಲ್ಲಿ ಲಿಗ್ನಿನ್ ಅನ್ನೋ ಮರದ ಅಂಶ ಹಂಗೇ ಉಳಿದಿರತ್ತೆ, ಗಾಳಿ ಬೆಳಕು ತಾಗಿದ್ರೆ ಅದು ಬಣ್ಣ ತಿರುಗತ್ತೆ. ಪತ್ರಿಕೆ ಒಂದು ದಿನದ್ದು, ಅದಕ್ಕೆ ಅಷ್ಟು ಸಾಕು. ನಿಮ್ಮ ಪುಸ್ತಕಕ್ಕೆ ಸಾಲದು.

ಎರಡನೇ ಶತ್ರು ಆಮ್ಲ. ಇಂಕು ಹರಡದಿರ್ಲಿ ಅಂತ ಹಿಂದೆ ರಾಳ ಮತ್ತೆ ಪಟಿಕ ಹಾಕ್ತಿದ್ರು, ಅದರಿಂದ ಕಾಗದ ಹುಳಿಯಾಗಿ ವರ್ಷ ಕಳೆದಂಗೆ ಅಂಚು ಮುರಿಯೋಕೆ ಶುರು ಆಗತ್ತೆ. ಈಗ ಆಸಿಡ್ ಫ್ರೀ ಅಂತ ಕೇಳಿದ್ರೆ ಸಿಗತ್ತೆ, ಅದರಲ್ಲಿ ಸುಣ್ಣದ ಅಂಶ, ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್ ಇರತ್ತೆ, ಮುಂದೆ ಹುಟ್ಟೋ ಆಮ್ಲನ ಅದು ಹೀರ್ಕೊಳತ್ತೆ. ಬಾಳಿಕೆ ಕಾಗದಕ್ಕೆ ಐಎಸ್‌ಒ 9706 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡನೇ ಇದೆ, ಪ್ಯಾಕೆಟ್ ಮೇಲೆ ಆ ನಂಬರ್ ಇದ್ರೆ ಕಣ್ಣು ಮುಚ್ಚಿ ತಗೊಳಿ.

ಹ್ಯಾಂಡ್‌ಮೇಡ್ ಬೇಕು ಅಂದ್ರೆ ಹತ್ತಿ ಬಟ್ಟೆ ಚೂರಿಂದ ಮಾಡಿದ್ದು ನೋಡಿ. ಜೈಪುರದ ಹತ್ರ ಸಾಂಗಾನೇರಲ್ಲಿ ಇದೊಂದು ದೊಡ್ಡ ಕಸುಬು, ಪಾಂಡಿಚೇರಿಲೂ ಮಾಡ್ತಾರೆ. ಹತ್ತಿ ನಾರು ಉದ್ದ, ಲಿಗ್ನಿನ್ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ಆದ್ರೆ ಹೂವಿನ ಎಸಳು, ಹುಲ್ಲು, ಸಿಪ್ಪೆ ಸೇರಿಸಿದ್ದು ಮಾತ್ರ ಬೇಡ. ನೋಡೋಕೆ ಚೆಂದ, ಬರೆಯುವಾಗ ಪೆನ್ನು ತಡೆಯತ್ತೆ, ಆ ಎಸಳು ಕಂದಾಗಿ ಪಕ್ಕದ ಹಾಳೆಗೂ ಕಲೆ ಹತ್ತತ್ತೆ. ದಪ್ಪ 120ರಿಂದ 150 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗತ್ತೆ ಅನ್ನೋ ಲೆಕ್ಕ) ಸಾಕು, 200ರ ಮೇಲೆ ಹೋದ್ರೆ ಹಾಳೆ ಮಗುಚಲ್ಲ, ರಟ್ಟಿನ ಹಂಗೆ ಎದ್ದು ನಿಲ್ಲತ್ತೆ.

ಕೊಳ್ಳೋ ಮುಂಚೆ ಒಂದು ಪಟ್ಟಿ ಕತ್ತರಿಸ್ಕೊಂಡು ಅರ್ಧ ಭಾಗ ಪುಸ್ತಕದ ಕೆಳಗೆ ಮುಚ್ಚಿ ಅರ್ಧ ಕಿಟಕಿ ಬಿಸಿಲಿಗೆ ಬಿಡಿ. ಎರಡು ಮೂರು ವಾರದಲ್ಲಿ ಎರಡೂ ಕಡೆ ಬಣ್ಣ ಬೇರೆ ಕಂಡ್ರೆ ಆ ಕಾಗದ ಬಿಟ್ಬಿಡಿ. ಮಿಲ್ ಕಾಗದ ಆದ್ರೆ ಗ್ರೇನ್, ಅಂದ್ರೆ ನಾರು ಸಾಗೋ ದಿಕ್ಕು, ಯಾವ ಕಡೆ ಇದೆ ಅಂತ ಬೈಂಡರ್ ನೋಡ್ಕೊಳ್ಳಲಿ, ಅದು ಬೆನ್ನಿಗೆ ಸಮಾನಾಂತರ ಇರ್ಬೇಕು, ಇಲ್ಲಾಂದ್ರೆ ಮಳೆಗಾಲದಲ್ಲಿ ಬೆನ್ನ ಹತ್ರ ಹಾಳೆ ಅಲೆ ಅಲೆ ಆಗತ್ತೆ. ಹ್ಯಾಂಡ್‌ಮೇಡಲ್ಲಿ ಗ್ರೇನ್ ಅಷ್ಟಾಗಿ ಇರಲ್ಲ.

ಶಿಕಾರಿಪುರ ಟು ಬೆಂಗಳೂರು:
ಇಷ್ಟೆಲ್ಲ ಕಷ್ಟ ಯಾಕೆ ಅಂತ ನಂಗೆ ನಿಜವಾಗ್ಲೂ ಅನ್ನಿಸ್ತು, ತಪ್ಪು ತಿಳ್ಕೊಬೇಡಿ. ನನ್ನ ಫ್ರೆಂಡ್ ಮದುವೇಲಿ ಒಂದು ಮೂಲೇಲಿ ಫೋನ್ ಸ್ಟ್ಯಾಂಡ್ ಇಟ್ಟಿದ್ರು, ಬಂದೋರು ಅರ್ಧ ನಿಮಿಷ ಮಾತಾಡಿ ಹೋದ್ರು, ಎಲ್ಲಾ ಒಂದು ವಿಡಿಯೋ ಮಾಡಿ ಕೊಟ್ರು. ಧ್ವನಿ ಇರತ್ತೆ, ಮುಖ ಇರತ್ತೆ, ಬೂಷ್ಟು ಹಿಡಿಯಲ್ಲ. ಪುಸ್ತಕದಲ್ಲಿ ಎಲ್ಲರೂ ಬರೆಯೋದು ‘ನೂರ್ಕಾಲ ಬಾಳಿ’ ಅಂತ ಒಂದೇ ಸಾಲು. ಇನ್ನೂರು ಸಲ ಅದೇ ಸಾಲು ಇರೋ ಪುಸ್ತಕನ ಯಾರು ತೆಗೆದು ಓದ್ತಾರೆ?

ಅಜ್ಜಿಮನೆ ಕೋಣಂದೂರು:
ಶಿಕಾರಿಪುರದೋರು ಕೇಳಿದ್ದು ಸರಿಯಾದ ಪ್ರಶ್ನೆ, ಅದಕ್ಕೇ ನಾನು ಬರೀತಿದೀನಿ, ಇಲ್ಲಾಂದ್ರೆ ಓದ್ಕೊಂಡು ಸುಮ್ನಿರ್ತಿದ್ದೆ.

ನಮ್ಮನೇಲಿ ಅಪ್ಪ ಅಮ್ಮನ ಮದುವೆ ಮುಯ್ಯಿ ಪುಸ್ತಕ ಇದೆ, 1970ರ ದಶಕದ್ದು. ಅದನ್ನ ಯಾರೂ ನೆನಪಿಗೆ ಅಂತ ಮಾಡಿದ್ದಲ್ಲ, ಲೆಕ್ಕಕ್ಕೆ ಅಂತ ಅಂಗಡಿಯಿಂದ ತಂದ ಉದ್ದ ಪುಸ್ತಕ. ಮೊದಲ ಪುಟದ ನಾಲ್ಕೂ ಮೂಲೆಗೆ ಅರಿಶಿನ ಕುಂಕುಮ, ಮೇಲೆ ಶ್ರೀ, ಆಮೇಲೆ ಸಾಲು ಸಾಲು. ಕೆಳಮನೆ ದೊಡ್ಡಪ್ಪ ಹಿತ್ತಾಳೆ ಚೊಂಬು 1, ನಗದು ರೂ. 5. ಸೋಮೇಶ್ವರದ ಅತ್ತೆ ರವಿಕೆ ಕಣ, ನಗದು ರೂ. 2. ಒಬ್ಬರ ಹೆಸರ ಮುಂದೆ ಬಾಳೆಗೊನೆ 2, ಹಾಲು ಅಂತ ಇದೆ, ದುಡ್ಡಿಲ್ಲ. ಬ್ಲೂ-ಬ್ಲ್ಯಾಕ್ ಇಂಕು, ಈಗ ಕಂದು ಬಣ್ಣಕ್ಕೆ ತಿರುಗಿದೆ ಆದ್ರೂ ಒಂದಕ್ಷರ ಅಳಿಸಿಲ್ಲ. ಎಡಗಡೆ ಅಂಚಲ್ಲಿ ಸಣ್ಣ ಸಣ್ಣ ಗುರುತಿದೆ, ಯಾರ ಮುಯ್ಯಿ ನಾವು ತಿರುಗಿ ಕೊಟ್ವಿ, ಯಾವ ವರ್ಷ, ಯಾರ ಮದುವೇಲಿ ಅಂತ. ಮೊದಮೊದಲ ಗುರುತು ಅಜ್ಜಂದು, ಆಮೇಲಿಂದು ಅಪ್ಪಂದು, ಕೊನೇ ಕೆಲವು ಅಮ್ಮ ಬಾಲ್ ಪೆನ್ನಲ್ಲಿ ಹಾಕಿದ್ದು.

ಅದು ಯಾಕೆ ಉಳೀತು ಗೊತ್ತಾ? ಕಾಗದ ಏನೂ ಒಳ್ಳೇದಲ್ಲ, ಭದ್ರಾವತಿ ಅಣ್ಣ ನೋಡಿದ್ರೆ ಬೈತಾರೆ. ಉಳಿದಿದ್ದು ಅದು ಬೇಕಾಗ್ತಿತ್ತು ಅಂತ. ಯಾರದಾದ್ರೂ ಮನೆ ಕರೆಯೋಲೆ ಬಂತು ಅಂದ್ರೆ ಮೊದಲು ಪೆಟ್ಟಿಗೆಯಿಂದ ಆ ಪುಸ್ತಕ ಹೊರಗೆ ಬರೋದು, ಅವರು ನಮಗೇನು ಮಾಡಿದ್ರು ಅಂತ ನೋಡೋದು, ನೋಡುವಾಗ ಪಕ್ಕದ ನಾಲ್ಕು ಹೆಸರೂ ಕಣ್ಣಿಗೆ ಬೀಳೋದು, ಅವರ ಕಥೆನೂ ಶುರು ಆಗೋದು. ವರ್ಷಕ್ಕೆ ಹತ್ತಾರು ಸಲ ಕೈ ಆಡ್ತು, ಗಾಳಿ ಆಡ್ತು, ಹುಳ ಬಿದ್ರೆ ತಕ್ಷಣ ಗೊತ್ತಾಗ್ತಿತ್ತು. ಅದೇ ಮನೇಲಿ ನನ್ನ ಮದುವೆದು ವೆಲ್ವೆಟ್ ಆಲ್ಬಮ್ ಇದೆ, ಅಂಟು ಪುಟದ ಮೇಲೆ ಪ್ಲಾಸ್ಟಿಕ್ ಇರೋದು, ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಬೀರು ಮೇಲೆ ಇಟ್ಟಿದ್ರು ಜೋಪಾನ ಅಂತ, ಫೋಟೋ ಎಲ್ಲ ಅಂಟಿಗೆ ಹಿಡ್ಕೊಂಡು ಹಳದಿ ಆಗಿದೆ, ಬಿಡಿಸೋಕೂ ಬರಲ್ಲ.

ಹಂಗಾಗಿ ಹೊಸನಗರದ ಅಣ್ಣ, ಪೇಪರ್ ಹೊಲಿಗೆ ಎಲ್ಲ ಇವರು ಹೇಳಿದಂಗೇ ಮಾಡ್ಸಿ, ಆದ್ರೆ ಆ ಪುಸ್ತಕನ ಮತ್ತೆ ಮತ್ತೆ ತೆಗೆಯೋಕೆ ನಿಮ್ಮ ತಂಗಿಗೆ ಒಂದು ಕಾರಣ ಇಟ್ಟು ಕೊಡಿ. ನಮ್ಮ ಚಿಕ್ಕಮ್ಮನ ಮಗಳ ಮದುವೇಲಿ ಹೆಂಗಸರಿಗೆಲ್ಲ ಒಂದೊಂದು ತಂಬುಳಿನೋ ಗೊಜ್ಜೋ ಅಪ್ಪೆಹುಳಿನೋ ಅವರವರ ಕೈರುಚೀದು ಬರೀರಿ ಅಂತ ಹೇಳಿದ್ವಿ. ಆಶೀರ್ವಾದ ಬರಿ ಅಂದ್ರೆ ಒಂದೇ ಸಾಲು ಬರೆಯೋರು ಒಂದೆಲಗದ ತಂಬುಳಿಗೆ ಜೀರಿಗೆ ಹುರೀಬೇಕೋ ಬ್ಯಾಡ್ವೋ ಅನ್ನೋದ್ರ ಮೇಲೆ ಅರ್ಧ ಪುಟ ಬರೆದ್ರು, ಇನ್ನೊಬ್ಬರು ಅದರ ಕೆಳಗೆ ಹಂಗಲ್ಲ ಹಿಂಗೆ ಅಂತ ಬರೆದ್ರು. ಆ ಪುಸ್ತಕ ಈಗ ಅವಳ ಅಡುಗೆಮನೆ ಶೆಲ್ಫಲ್ಲಿದೆ. ಎರಡು ಕಡೆ ಎಣ್ಣೆ ಕಲೆ ಆಗಿದೆ, ಆಗ್ಲಿ ಬಿಡಿ. ಬರೆದೋರಲ್ಲಿ ಒಬ್ಬರು ಈಗಿಲ್ಲ, ಅವರ ಅಕ್ಷರದಲ್ಲೇ ಅವರ ಗೊಜ್ಜು ಇದೆ.

ಶಿಕಾರಿಪುರ ಟು ಬೆಂಗಳೂರು:
ಅಜ್ಜಿಮನೆಯೋರೆ, ಇದು ಒಪ್ಪೋ ಮಾತು. ಆ ವಿಡಿಯೋನ ನನ್ನ ಫ್ರೆಂಡ್ ಆಮೇಲೆ ನೋಡಿದ್ನಾ ಅಂತ ಈಗಷ್ಟೇ ಮೆಸೇಜ್ ಮಾಡಿ ಕೇಳ್ದೆ, ಮದುವೆ ಆದ ವಾರ ನೋಡಿದ್ದೇ ಕೊನೆ, ಹಳೇ ಫೋನಲ್ಲಿ ಇರ್ಬೇಕು ಅಂದ. ವಿಡಿಯೋ ಬೇಡ ಅನ್ನಲ್ಲ, ಆದ್ರೆ ಪುಸ್ತಕದ ಕೆಲಸ ಬೇರೆ ಅಂತ ಅರ್ಥ ಆಯ್ತು.

ಸಿರಿವಂತೆ ಕಡೆಯವಳು:
ನಮ್ಮೂರ ಕಡೆ ಮದುವೆ ಅಂದ್ರೆ ಹಸೆ ಗೋಡೆ ಚಿತ್ತಾರ ಇರ್ಲೇಬೇಕು. ದೀವರ ಮನೆಗಳಲ್ಲಿ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ತಗೊಂಡು ಪುಂಡಿ ನಾರಿನ ಕುಂಚದಲ್ಲಿ ಬರೀತಾರೆ. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಒಯ್ಯೋ ಭೂಮಣ್ಣಿ ಬುಟ್ಟಿ ಮೇಲೂ ಅದೇ ಕೈ. ಅಣ್ಣ, ನಿಮ್ಮೂರಿಂದು ಅನ್ನೋ ಹಂಗಿರ್ಬೇಕು ಅಂದ್ರಲ್ಲ, ಅಡಿಕೆ ಹಾಳೆ ಬದಲು ಪುಸ್ತಕದ ಮೊದಲ ಎರಡು ಪುಟಕ್ಕೆ ಚಿತ್ತಾರ ಬರೆಸಿ. ಕವರ್ ಮೇಲೆ ಬೇಡ, ಕೈ ತಾಗಿ ತಾಗಿ ಹಿಟ್ಟಿನ ಬಣ್ಣ ಉದುರತ್ತೆ, ಹಿಟ್ಟು ಅಂದ್ರೆ ಹುಳಕ್ಕೂ ಆಸೆ. ಒಳಗಡೆ ಪುಟಕ್ಕೆ ಆದ್ರೆ ಮೇಲೊಂದು ತೆಳು ಬಿಳಿ ಟಿಶ್ಯೂ ಹಾಳೆ ಇಟ್ರೆ ಎದುರು ಪುಟಕ್ಕೆ ಒತ್ತಲ್ಲ. ಈಗ ಕಾಗದ ಬಟ್ಟೆ ಮೇಲೆ ಬರೆಯೋರು ಸುಮಾರು ಜನ ಇದಾರೆ, ಅವರಿಗೆ ಯಾವ ಬಣ್ಣ ನಿಲ್ಲತ್ತೆ ಅಂತ ಗೊತ್ತು. ಬಿಡಿ ಹಾಳೆಲಿ ಮೊದಲು ಬರೆಸಿ, ಚೆನ್ನಾಗಿ ಒಣಗಿದ ಮೇಲೆ ಬೈಂಡರಿಗೆ ಕೊಡಿ, ಹೊಲಿದ ಪುಸ್ತಕದ ಮೇಲೆ ಕೂತು ಬರೆಯೋದು ಕಷ್ಟ.

ಇನ್ನೊಂದು, ಇದನ್ನ ನಾನು ಬಹಳ ಮನಸಿಟ್ಟು ಹೇಳ್ತಿದೀನಿ. ಬರೆದೋಳ ಹೆಸರು, ಊರು, ಹೊಲಿದೋರ ಹೆಸರು, ಬಟ್ಟೆ ಎಲ್ಲಿಂದು, ಮಾಡಿದ ತಿಂಗಳು ಇಷ್ಟನ್ನ ಕೊನೇ ಪುಟದಲ್ಲಿ ಬರೀರಿ. ಗೋಡೆ ಚಿತ್ತಾರ ಬರೆದ ಎಷ್ಟು ಹೆಂಗಸರ ಹೆಸರು ಸುಣ್ಣದ ಜೊತೆ ಹೋಯ್ತೋ ಲೆಕ್ಕ ಇಲ್ಲ. ದುಡ್ಡೂ ಸರಿಯಾಗಿ ಕೊಡಿ, ಅಕ್ಕ ಒಂಚೂರು ಬರ್ಕೊಡಿ ಅಂತ ಪುಕ್ಕಟೆ ಕೇಳೋದು ಬೇಡ.

ಬಟ್ಟೆಗೆ ಹೆಗ್ಗೋಡು ಪಕ್ಕದ ಭೀಮನಕೋಣೆಯ ಚರಕ ಅನ್ನೋ ಮಹಿಳೆಯರ ನೇಯ್ಗೆ ಸಂಘದಲ್ಲಿ ನೋಡಿ, ಕೈಮಗ್ಗದ್ದು, ನೈಸರ್ಗಿಕ ಬಣ್ಣದ್ದು. ಅಡಿಕೆ ಚೊಗರಿನ, ಅಂದ್ರೆ ಅಡಿಕೆ ಬೇಯಿಸಿದ ರಸದ, ಕೆಂಗಂದು ಬಣ್ಣದ ಬಟ್ಟೆ ಸಿಕ್ಕಿದ್ರೆ ನಿಮ್ಮ ಅಪ್ಪನ ಅಡಿಕೆ ಆಸೆನೂ ಆ ದಾರೀಲಿ ತೀರತ್ತೆ!

ತೀರ್ಥಹಳ್ಳಿ ಹೋಂಸ್ಟೇ:
ನಮ್ಮ ಹೋಂಸ್ಟೇ ಇರೋದು ಆಗುಂಬೆ ದಾರೀಲಿ. ಆಗುಂಬೇಲಿ ವರ್ಷಕ್ಕೆ 7,000 ಮಿಲಿಮೀಟರ್ ಮೇಲೆ ಮಳೆ, ಅದರಲ್ಲಿ ನಮಗೂ ಪಾಲಿದೆ. ಜಗಲಿ ಮೇಜಿನ ಮೇಲೆ ಅತಿಥಿ ಪುಸ್ತಕ ಇಟ್ಟಿರ್ತೀವಿ, ಹಂಗಾಗಿ ಇಡೋದು ಹೆಂಗೆ ಅನ್ನೋದ್ರ ಬಗ್ಗೆ ನಾನು ಹೇಳ್ಬಹುದು.

ಗಾಳೀಲಿ ತೇವ 65-70 ಪರ್ಸೆಂಟ್ ದಾಟಿ ಹಂಗೇ ನಿಂತ್ರೆ ಕಾಗದದ ಮೇಲೆ ಬೂಷ್ಟು ಏಳೋಕೆ ಶುರು. ನಮ್ಮಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಅದಕ್ಕಿಂತ ಬಹಳ ಮೇಲೇ ಇರತ್ತೆ. ತೇವ ಅಳೆಯೋ ಸಣ್ಣ ಹೈಗ್ರೋಮೀಟರ್ ತಗೊಂಡು ಬೀರು ಒಳಗೆ ಇಟ್ಟು ನೋಡಿ, ಗೊತ್ತಾಗತ್ತೆ. ಬೀರುನ ಹೊರಗೋಡೆಗೆ ತಾಗಿಸಿ ಇಡಬೇಡಿ, ಗೋಡೆ ತಂಪಿಗೆ ಕಬ್ಬಿಣ ಬೆವರತ್ತೆ. ಒಳಗಡೆ ಗೋಡೆ ಕಡೆ, ನೆಲದಿಂದ ಮೇಲೆ, ಪುಸ್ತಕ ಮಲಗಿಸಿ. ಮೊದಲೆಲ್ಲ ಒಲೆ ಮೇಲಿನ ಅಟ್ಟದಲ್ಲಿ ಇಡ್ತಿದ್ರು, ಒಣಗಿರತ್ತೆ ನಿಜ, ಆದ್ರೆ ಹೊಗೆ ಮಸಿ ಕಾಗದಕ್ಕೆ ಒಳ್ಳೇದಲ್ಲ.

ಪುಸ್ತಕಕ್ಕೆ ಹತ್ತಿ ಬಟ್ಟೆ ಚೀಲ ಹೊಲಿಸಿ. ಪ್ಲಾಸ್ಟಿಕ್ ಡಬ್ಬಿಗೆ ಹಾಕೋದಾದ್ರೆ ಫೆಬ್ರವರಿ ಮಾರ್ಚಲ್ಲಿ ಪೂರ್ತಿ ಒಣಗಿರುವಾಗ ಹಾಕಿ, ಜೊತೆಗೆ ಸಿಲಿಕಾ ಜೆಲ್. ಮಳೆ ಶುರುವಾದ ಮೇಲೆ ತೇವದ ಪುಸ್ತಕನ ಪ್ಲಾಸ್ಟಿಕಿಗೆ ಹಾಕಿ ಮುಚ್ಚಿದ್ರೆ ತೇವನೂ ಒಳಗೇ. ನೀಲಿ ಸಿಲಿಕಾ ಗುಲಾಬಿ ಆಯ್ತು ಅಂದ್ರೆ ಹೊಟ್ಟೆ ತುಂಬ್ತು ಅಂತ, ಓವನಲ್ಲಿ ಬಿಸಿ ಮಾಡಿದ್ರೆ ಮತ್ತೆ ನೀಲಿ ಆಗತ್ತೆ, ಆದ್ರೆ ಆ ನೀಲಿ ಬಣ್ಣ ಕೋಬಾಲ್ಟಿಂದು, ಅಡುಗೆ ಪಾತ್ರೇಲಿ ಬಿಸಿ ಮಾಡ್ಬೇಡಿ, ಮಕ್ಕಳ ಕೈಗೂ ಬೇಡ. ಸ್ವಲ್ಪ ಬೂಷ್ಟು ಬಂತು ಅಂದ್ರೆ ಒದ್ದೆ ಬಟ್ಟೇಲಿ ಒರೆಸೋಕೆ ಹೋಗ್ಬೇಡಿ, ಒಳಗಿಳಿಯತ್ತೆ. ಫ್ಯಾನ್ ಗಾಳೀಲಿ ಪುಟ ಬಿಡಿಸಿಟ್ಟು ಪೂರ್ತಿ ಒಣಗಿದ ಮೇಲೆ ಮೂಗಿಗೆ ಬಟ್ಟೆ ಕಟ್ಕೊಂಡು ಮನೆ ಹೊರಗಡೆ ಮೆತ್ತನೆ ಬ್ರಷ್ಷಲ್ಲಿ ತೆಗೀರಿ. ಬಿಸಿಲಿಗೆ ಹರವಬೇಡಿ, ಇಂಕು ಮಂಕಾಗತ್ತೆ.

ಪೆನ್ನು ಬಹಳ ಮುಖ್ಯ. ನಮ್ಮ ಮೊದಲ ಪುಸ್ತಕದಲ್ಲಿ ಮಕ್ಕಳು ಸ್ಕೆಚ್ ಪೆನ್ನಲ್ಲಿ ಬರೆದಿದ್ದು ನೀರಿನ ಹನಿ ಬಿದ್ದಲ್ಲೆಲ್ಲ ಹರಡಿದೆ, ಬಣ್ಣದ ಜೆಲ್ ಪೆನ್ನಿಂದು ಕೆಲವು ಕಾಣೋದೇ ಇಲ್ಲ. ಪಿಗ್ಮೆಂಟ್ ಇಂಕ್ ಅಂತ ಬರೆದಿರೋ ಕಪ್ಪು ಪೆನ್ನು ತಗೊಳಿ, ಡ್ರಾಯಿಂಗ್ ಮಾಡೋರು ಉಪಯೋಗಿಸೋ ಪಿಗ್ಮಾ ಮೈಕ್ರಾನ್ ತರದ್ದು. ಡೈ ಇಂಕು ಬೆಳಕಿಗೆ ನೀರಿಗೆ ಎರಡಕ್ಕೂ ನಿಲ್ಲಲ್ಲ. ನಾಲ್ಕೈದು ಪೆನ್ನು ತಂದು ದಾರ ಕಟ್ಟಿ ಪುಸ್ತಕದ ಪಕ್ಕನೇ ಇಡಿ, ಇಲ್ಲಾಂದ್ರೆ ಜನ ಜೇಬಲ್ಲಿರೋ ಪೆನ್ನು ತೆಗೀತಾರೆ. ಹ್ಯಾಂಡ್‌ಮೇಡ್ ಕಾಗದದ ಮೇಲೆ ಆ ಪೆನ್ನು ಹರಡತ್ತಾ ಅಂತ ಮುಂಚೇನೇ ಗೀಚಿ ನೋಡಿ, ಸೈಜಿಂಗ್, ಅಂದ್ರೆ ಇಂಕು ಹರಡದಿರ್ಲಿ ಅಂತ ಹಾಕೋ ಅಂಶ, ಕಡಿಮೆ ಇರೋ ಕಾಗದ ಇಂಕು ಕುಡಿಯತ್ತೆ.

ಕೊಪ್ಪದ ಟೀಚರ್:
ಎಷ್ಟು ಒಳ್ಳೇ ಮಾತುಕತೆ ಇದು, ಓದಿ ಖುಷಿಯಾಯ್ತು.

ನಂದು ಬರೆಯೋರ ವಿಚಾರ. ಬರೀರಿ ಅಂತ ಪುಸ್ತಕ ಇಟ್ರೆ ಬರೆಯೋರು ಓದಿದೋರು, ವಯಸ್ಸಾದೋರು ದೂರ ನಿಲ್ತಾರೆ. ಅಕ್ಷರ ಬರದೇ ಇರೋರು, ಕೈ ನಡುಗೋರು, ಕಣ್ಣು ಮಂಜಾದೋರು, ಅವರ ಹತ್ರ ಇರೋ ಮಾತೇ ನಿಮ್ಮ ಪುಸ್ತಕಕ್ಕೆ ಬೇಕಾಗಿರೋದು. ನಮ್ಮ ಅಕ್ಕನ ಮಗನ ಮದುವೇಲಿ ಇಬ್ಬರು ಹೈಸ್ಕೂಲ್ ಹುಡುಗೀರನ್ನ ಇದಕ್ಕೇ ಅಂತ ಕೂರಿಸಿದ್ವಿ, ಅವರು ಪುಸ್ತಕ ತಗೊಂಡು ಅಜ್ಜ ಅಜ್ಜಿಯರ ಹತ್ರ ಹೋಗಿ ಕೇಳೋದು, ಅವರು ಹೇಳಿದ್ದನ್ನ ಹೇಳಿದ ಹಂಗೇ ಬರೆಯೋದು, ತಿದ್ದೋದಲ್ಲ. ಹವ್ಯಕರ ಅಜ್ಜಿ ಹವಿಗನ್ನಡದಲ್ಲಿ, ಒಕ್ಕಲಿಗರ ಅಜ್ಜ ಅವರ ಮಾತಲ್ಲಿ, ಪಕ್ಕದ ಮನೆ ಬ್ಯಾರಿ ಅಜ್ಜ ಅವರ ಧಾಟೀಲಿ. ಕೆಳಗೆ ಅವರದೇ ಸಹಿ ಅಥವಾ ಹೆಬ್ಬೆಟ್ಟು. ಸ್ಟ್ಯಾಂಪ್ ಪ್ಯಾಡ್ ಇಂಕು ಕೈಗೆ ಹತ್ತತ್ತೆ, ಒರೆಸೋಕೆ ಬಟ್ಟೆ ಇಟ್ಕೊಳಿ.

ಏನು ಕೇಳ್ಬೇಕು ಅನ್ನೋದೂ ಮುಖ್ಯ. ಹುಡುಗಿಗೆ ಏನಾದ್ರೂ ಹೇಳಿ ಅಂದ್ರೆ ಎಲ್ಲರೂ ಆಶೀರ್ವಾದನೇ ಹೇಳೋದು. ನೀವು ಈ ಮನೆಗೆ ಮೊದಲು ಬಂದಿದ್ದು ಯಾವಾಗ, ನಿಮ್ಮ ಮದುವೇಲಿ ದಿಬ್ಬಣ ಹೆಂಗೆ ಬಂತು ಅಂತ ಕೇಳಿ ನೋಡಿ. ಒಬ್ಬರು ಅಜ್ಜಿ ದಿಬ್ಬಣ ಬಂದಾಗ ಹೊಳೆ ಏರಿತ್ತು ಆಚೆ ದಡದಲ್ಲೇ ಊಟ ಹಾಕಿದ್ರು ಅಂತ ಹೇಳಿದ್ರು, ಅವರ ಮಕ್ಕಳಿಗೇ ಅದು ಗೊತ್ತಿರ್ಲಿಲ್ಲ, ಆ ಹುಡುಗಿ ಬರೀತಾ ಇದ್ರೆ ಸುತ್ತ ಹತ್ತು ಜನ ಸೇರಿದ್ರು. ಅಕ್ಕಿ ಆರಿಸೋ ಹಾಡು, ಹಸೆಗೆ ಕರೆಯೋ ಹಾಡು ಬರೋರು ಇದ್ರೆ ಅದನ್ನೂ ಬರೆಸಿ, ಬೀಸು ಕಲ್ಲಿನ ಜೊತೆ ಬಹಳ ಹಾಡು ಹೋಗಿವೆ.

ಇನ್ನೊಂದು ಸಲಹೆ. ಶೃಂಗೇರಿ ಮಠದಲ್ಲಿ ಹಳೇ ಕಡತಗಳಿವೆ, ಬಟ್ಟೆಗೆ ಹುಣಸೆ ಬೀಜದ ಅಂಟು ಇದ್ದಿಲ ಪುಡಿ ಬಳಿದು ಗಟ್ಟಿ ಮಾಡಿ ಮಡಿಕೆ ಮಡಿಕೆಯಾಗಿ ಮಡಚಿ ಬಳಪದಲ್ಲಿ ಬರೀತಿದ್ದಿದ್ದು. ಆ ಮಡಿಕೆ ನಿಮ್ಮ ಪುಸ್ತಕದಲ್ಲೂ ಬರ್ಲಿ, ಕೊನೇಲಿ ಎಳೆದ್ರೆ ಉದ್ದಕ್ಕೆ ಬಿಚ್ಕೊಳ್ಳೋ ಒಂದು ಹಾಳೆ ಹಾಕ್ಸಿ, ಅದರಲ್ಲಿ ಎರಡೂ ಮನೆ ವಂಶದ ಗಿಡ ಬರೀಬಹುದು. ಮದುವೆಗೆ ಬಂದೋರೇ ಯಾರು ಯಾರಿಗೆ ಏನಾಗ್ಬೇಕು ಅಂತ ತುಂಬ್ಸಿ ಕೊಡ್ತಾರೆ, ಮುಂದೆ ಹುಟ್ಟೋ ಮಕ್ಕಳನ್ನ ಸೇರಿಸೋಕೆ ಪುಸ್ತಕ ತೆಗೀಲೇಬೇಕಾಗತ್ತೆ.

ಹೊಸನಗರದ ಅಣ್ಣ:
ಇಷ್ಟು ಜನ ಇಷ್ಟು ಪ್ರೀತಿಯಿಂದ ಬರೀತೀರ ಅಂತ ಅಂದ್ಕೊಂಡಿರ್ಲಿಲ್ಲ. ರಾತ್ರಿ ಊಟ ಆದ್ಮೇಲೆ ಮನೇಲಿ ಎಲ್ಲರಿಗೂ ಓದಿ ಹೇಳ್ದೆ. ಚೊಗರಿನ ಬಟ್ಟೆ ಅಂದ ಕೂಡ್ಲೇ ಅಪ್ಪ ಹಾಳೆ ಬಿಟ್ಟು ಅದಕ್ಕೆ ಒಪ್ಪಿದ್ರು. ತಂಗಿ ತಂಬುಳಿ ವಿಚಾರಕ್ಕೆ ಸಿಕ್ಕಾಪಟ್ಟೆ ಖುಷಿಯಾಗಿ ಅರ್ಧ ಪುಸ್ತಕ ಅದಕ್ಕೇ ಅಂತಿದಾಳೆ. ವಂಶದ ಗಿಡದ ಹಾಳೆ ಅಮ್ಮಂದು. ಬೈಂಡರ್ ಅವರೆ, ಎಷ್ಟು ಪುಟ ಬೇಕಾಗತ್ತೆ? ಸುಮಾರು ಮುನ್ನೂರು ಮನೆಗೆ ಕರೆಯೋಲೆ. ಫೋಟೋ ಅಂಟಿಸೋಕೂ ಜಾಗ ಬೇಕು ಅಂತಿದಾಳೆ. ಯಾವಾಗ ತಂದು ಕೊಡ್ಲಿ?

ಶಿವಮೊಗ್ಗ ಬೈಂಡರ್:
ಮುನ್ನೂರು ಮನೆ ಅಂದ್ರೂ ಕೂತು ಬರೆಯೋರು ಅರ್ಧ ಅಂತ ಇಟ್ಕೊಳಿ. ಪುಟಕ್ಕೆ ಎರಡು ಮನೆ ಅಂದ್ರೆ 75 ಪುಟ, ಅಡುಗೆಗೆ ಒಂದು 40, ಫೋಟೋಗೆ 20, ಮುಂದೆ ನಾಮಕರಣ ಗೃಹಪ್ರವೇಶ ಅಂತ ಬರೆಯೋಕೆ ಖಾಲಿ 40. ಹತ್ತಿರತ್ತಿರ 176 ಪುಟ, ನಾಲ್ಕು ಹಾಳೆ ಫಾರಂಗೆ 16 ಪುಟದಂತೆ 11 ಫಾರಂ. ಫೋಟೋ ಬರೋ ಪುಟಗಳ ಮಧ್ಯೆ ಬೆನ್ನ ಹತ್ರ ಬೆರಳಗಲದ ತುಂಡು ಕಾಗದ ಸೇರಿಸಿ ಹೊಲೀತೀನಿ, ಇಲ್ಲಾಂದ್ರೆ ಫೋಟೋ ದಪ್ಪಕ್ಕೆ ಪುಸ್ತಕ ಬಾಯಿ ಬಿಟ್ಕೊಂಡಿರತ್ತೆ. ಫೋಟೋಗೆ ಅಂಟು ಬೇಡ, ಸೆಲ್ಲೋಟೇಪ್ ಬೇಡವೇ ಬೇಡ, ಅದು ಹಳದಿಯಾಗಿ ಕಲೆ ಉಳಿಸಿ ತಾನು ಬಿದ್ದು ಹೋಗತ್ತೆ. ನಾಲ್ಕು ಮೂಲೆಗೆ ಕಾಗದದ ಕಾರ್ನರ್ ಹಾಕಿ ಸಿಗಿಸಿದ್ರೆ ಯಾವಾಗ ಬೇಕಾದ್ರೂ ತೆಗೀಬಹುದು. ಬರೆದ ಪುಟಕ್ಕೆ ಲ್ಯಾಮಿನೇಷನ್ ಮಾಡಿಸ್ಬೇಡಿ.

ಚಿತ್ತಾರದ ಹಾಳೆ, ಬಟ್ಟೆ, ಕಾಗದ ಮೂರೂ ಜನವರಿ ಒಳಗೆ ತಲುಪಿಸಿ. ಒಣ ಹವೇಲಿ ಹೊಲಿದು ಪ್ರೆಸ್ಸಲ್ಲಿ ಇಟ್ರೆ ರಟ್ಟು ಸೊಟ್ಟ ಆಗಲ್ಲ. ಮದುವೆ ಆದ್ಮೇಲೆ ಒಂದು ಸಲ ಎಲ್ಲಾ ಪುಟ ಫೋನಲ್ಲಿ ಸ್ಕ್ಯಾನ್ ಮಾಡಿ ಎರಡು ಕಡೆ ಇಟ್ಕೊಳಿ, ಬೆಂಕಿ ನೆರೆ ಅಂದ್ರೆ ಯಾವ ಹೊಲಿಗೆನೂ ನಿಲ್ಲಲ್ಲ.

ಅಜ್ಜಿಮನೆ ಕೋಣಂದೂರು:
ಬೈಂಡರ್ ಅಣ್ಣ, ಒಂದು ಕೇಳ್ಲಾ? ನಮ್ಮ ಮುಯ್ಯಿ ಪುಸ್ತಕದ ನಡುವೆ ಎರಡು ಕಬ್ಬಿಣದ ಪಿನ್ನು ಇದೆ, ತುಕ್ಕು ಹಿಡಿದು ಸುತ್ತ ಕಾಗದ ಕಂದಾಗಿದೆ. ಹೊಸ ರಟ್ಟು ಹಾಕಿಸ್ಬಹುದಾ?

ಶಿವಮೊಗ್ಗ ಬೈಂಡರ್:
ರಟ್ಟು ಆಮೇಲೆ, ಮೊದಲು ಪಿನ್ನು ತೆಗೀಬೇಕು. ಎಳೀಬೇಡಿ. ಪಿನ್ನಿನ ಬೆನ್ನ ಕೆಳಗೆ ಒಂದು ತೆಳು ಪ್ಲಾಸ್ಟಿಕ್ ಚೂರು ತೂರಿಸಿ, ಹಾಳೆ ಮಗುಚಿ ಕಾಲೆರಡನ್ನೂ ಚಾಕು ತುದೀಲಿ ಮೆಲ್ಲಗೆ ನೆಟ್ಟಗೆ ಮಾಡಿ, ಕಾಲು ಮುರಿದು ಬಂದ್ರೆ ಬರ್ಲಿ, ಆಮೇಲೆ ಹಿಂದಿನಿಂದ ಎತ್ತಿದ್ರೆ ತಾನಾಗೇ ಬರತ್ತೆ. ಉದುರಿದ ತುಕ್ಕು ಪುಡಿ ಬ್ರಷ್ಷಲ್ಲಿ ಹೊರಗೆ ತಳ್ಳಿ, ನೀರು ಮುಟ್ಟಿಸ್ಬೇಡಿ. ನಡು ಮಡಿಕೆ ಹರಿದಿರೋ ಹಾಳೆಗೆ ತೆಳು ಜಪಾನಿ ಕಾಗದದ ಪಟ್ಟಿ ಹಚ್ಚಿ ಅದೇ ಹಳೇ ತೂತಲ್ಲೇ ದಾರ ಹಾಕಿ ಹೊಲಿದು ಕೊಡ್ತೀನಿ. ಹಳೇ ರಟ್ಟನ್ನ ಬಿಸಾಡ್ಬೇಡಿ, ಅದು ಎಷ್ಟೇ ಸವೆದಿದ್ರೂ ಜೊತೇಲೇ ಇರ್ಲಿ. ಬರುವಾಗ ಅರಿಶಿನ ಕುಂಕುಮ ಇರೋ ಮೊದಲ ಪುಟದ ಮೇಲೆ ಒಂದು ಬಿಳಿ ಹಾಳೆ ಇಟ್ಕೊಂಡು ತನ್ನಿ, ಬಸ್ಸಲ್ಲಿ ಉದುರೋದು ಬೇಡ.